ಇಪ್ಪತ್ತಾರು ಅಕ್ಷರ, ಒಂದೇ ಹುದ್ದೆ

ಹೊಟ್ಟೆಕಿಚ್ಚು ಪಡುವುದಕ್ಕೆ ನಮ್ಮ ಬೀದಿಯ ಹೆಂಗಸರು ಸೀರೆ, ಒಡವೆ, ಪಕ್ಕದ ಮನೆಗೆ ಬಂದ ಹೊಸ ರೇಡಿಯೋ, ಇಂಥ ನಾಲ್ಕು ಜನ ಒಪ್ಪುವ ಕಾರಣಗಳನ್ನು ಇಟ್ಟುಕೊಂಡಿದ್ದರು. ನನ್ನದು ಹಾಗಲ್ಲ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಒಬ್ಬಳು ನನಗಿಂತ ಚೆನ್ನಾಗಿ ಕಲೆಸಿದಳು ಎಂದು ನಾನು ಒಂದು ವರ್ಷ ಹೊಟ್ಟೆ ಉರಿದುಕೊಂಡೆ. ಹೇಳಿದರೆ ಜನ ನಗುತ್ತಾರೆ. ನಗಲಿ, ಉರಿದದ್ದು ನನ್ನ ಹೊಟ್ಟೆ.

ಅರವತ್ತರ ದಶಕದ ಕೊನೆಯ ವರ್ಷಗಳು. ಬಿ.ಎಸ್ಸಿ. ಮುಗಿಸಿ ಊರಿನ ಇನ್ನೊಂದು ತುದಿಯಲ್ಲಿದ್ದ ಒಂದು ಸಂಶೋಧನಾ ಕಚೇರಿಯ ಲೆಕ್ಕದ ವಿಭಾಗದಲ್ಲಿ ತಾತ್ಕಾಲಿಕವಾಗಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಒಂದು ಕಂಪ್ಯೂಟರ್ ಇತ್ತು. ಜಯನಗರದ ನಮ್ಮ ಮನೆಯ ನಡುಮನೆ, ಅಡುಗೆಮನೆ ಎರಡನ್ನೂ ಸೇರಿಸಿದರೂ ಅದಕ್ಕೆ ಜಾಗ ಸಾಲುತ್ತಿರಲಿಲ್ಲ. ಸೆಖೆ ತಾಗದಂತೆ ಅದನ್ನು ತಣ್ಣಗಿನ ಕೋಣೆಯೊಂದರಲ್ಲಿ ಇಟ್ಟು ಸಾಕುತ್ತಿದ್ದರು. ತಾತ್ಕಾಲಿಕದವರಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ. ನಾವು ಬರೆದ ಪ್ರೋಗ್ರಾಮನ್ನು ಸಾಲಿಗೊಂದರಂತೆ ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆದು, ಆ ಕಾರ್ಡುಗಳನ್ನು ಕಟ್ಟು ಕಟ್ಟಿ, ಒಂದು ಸಣ್ಣ ಕಿಟಕಿಯಲ್ಲಿ ಕೊಡಬೇಕಿತ್ತು. ಒಳಗಿನವರು ಅದನ್ನು ಯಂತ್ರಕ್ಕೆ ತಿನ್ನಿಸಿ, ಅಚ್ಚಾದ ಹಾಳೆಗಳನ್ನು ಅದೇ ಕಿಟಕಿಯಿಂದ ಹೊರಗೆ ತಳ್ಳುತ್ತಿದ್ದರು.

ನನಗೆ ಒಳಗೆ ಹೋಗಬೇಕಿತ್ತು. ಅದೊಂದೇ ಆಸೆ. ಬೇರೆ ಹುಡುಗಿಯರು ಸಿನಿಮಾಕ್ಕೆ ಹೋಗಬೇಕು ಅನ್ನುತ್ತಿದ್ದ ಹಾಗೆ ನಾನು ಆ ಕೋಣೆಯನ್ನು ಬಯಸಿದೆ. ಆ ವರ್ಷ ನಮ್ಮ ವಿಭಾಗಕ್ಕೆ ಒಂದು ಖಾಯಂ ಹುದ್ದೆ ಮಂಜೂರಾಗಿತ್ತು. ಹುದ್ದೆ ಸಿಕ್ಕಿದವರು ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಬಹುದು. ತಾತ್ಕಾಲಿಕವಾಗಿ ಇದ್ದವರು ಇಬ್ಬರು, ನಾನು ಮತ್ತು ಅವಳು. ಮಾರ್ಚ್ ಬಂದರೆ ಒಬ್ಬಳು ಒಳಗೆ, ಇನ್ನೊಬ್ಬಳು ಮನೆಗೆ. ನಮ್ಮ ಮುಖ್ಯಸ್ಥರು ಇದನ್ನು ಮೊದಲ ದಿನವೇ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು ಹೇಳಿಬಿಟ್ಟಿದ್ದರು.

ಅವಳು ಸಾರಕ್ಕಿಯವಳು. ಆಗ ಸಾರಕ್ಕಿ ಎಂದರೆ ಹೊಲ, ಕೆರೆ, ನಾಲ್ಕು ಬೀದಿಯ ಹಳ್ಳಿ. ಅವಳು ಕೆರೆ ಏರಿಯ ಮೇಲೆ ನಡೆದು ಬಂದು ನಮ್ಮ ಬೀದಿಯ ಕೊನೆಯಲ್ಲಿ ಬಸ್ಸು ಹತ್ತಬೇಕಿತ್ತು. ಮಳೆಗಾಲದಲ್ಲಿ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದಳು. ಪಾಪ ಎಂದು ನಾನೇ, ನಮ್ಮ ಅಂಗಳದ ನಲ್ಲಿಯಲ್ಲಿ ಕಾಲು ತೊಳೆದುಕೋ ಎಂದೆ. ಇಂಥ ಪಾಪ ಪುಣ್ಯಗಳನ್ನು ಯೋಚಿಸಿ ಮಾಡಬೇಕು. ಮೊದಲ ವಾರ ನಲ್ಲಿ, ಎರಡನೆಯ ವಾರ ಅಮ್ಮ ಬಿಸಿನೀರು ಇಟ್ಟಳು, ಮೂರನೆಯ ವಾರಕ್ಕೆ ಅವಳು ನಮ್ಮ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಳು. ಮಡಿ ಮೈಲಿಗೆ ಎಂದು ನನ್ನ ಕಾಲೇಜಿನ ಗೆಳತಿಯರನ್ನು ಹಜಾರ ದಾಟಿಸದ ಅಮ್ಮ, ಇವಳಿಗೆ ಎರಡನೇ ಲೋಟವನ್ನೂ ಬಗ್ಗಿಸುತ್ತಿದ್ದಳು.

"ಎಷ್ಟು ಚುರುಕು ನೋಡು ಹುಡುಗಿ" ಎಂದು ಅಮ್ಮ ಅವಳ ಎದುರಿಗೇ ನನಗೆ ಹೇಳುತ್ತಿದ್ದಳು. "ಬೆಳಿಗ್ಗೆ ಎದ್ದು ಹಸುವಿನ ಕೆಲ್ಸ ಮುಗಿಸ್ಕೊಂಡು ಬರ್ತಾಳೆ. ನಿನಗೆ ಎಬ್ಬಿಸಿದ್ರೂ ಎಚ್ಚರ ಆಗಲ್ಲ."

"ಅಯ್ಯೋ ಅಕ್ಕ ರಾತ್ರಿ ಓದ್ತಾರಲ್ವಾ ಅಮ್ಮಾ" ಎಂದು ಅವಳು ನನ್ನ ಪರ ವಹಿಸುತ್ತಿದ್ದಳು. ನಾನು ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವಳು, ಹಾಗಾಗಿ ಅಕ್ಕ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಪರ ವಹಿಸುವುದನ್ನು ತಡೆಯಲಾಗುತ್ತಿರಲಿಲ್ಲ.

ಇಷ್ಟಾದರೂ ಕಚೇರಿಯಲ್ಲಿ ನಾನೇ ಮುಂದೆ ಎಂಬ ಧೈರ್ಯವಿತ್ತು. ಅದಕ್ಕೆ ಕಲ್ಲು ಬಿದ್ದದ್ದು ವೈರ್‌ಲೆಸ್ ತರಬೇತಿ ಕೇಂದ್ರವೊಂದರಿಂದ ಬಂದ ಕೆಲಸದಿಂದ. ಅಲ್ಲಿ ಹುಡುಗರಿಗೆ ತಂತಿ ಸಂದೇಶದ ಟಿಕ್ಕು ಟಕ್ಕು ಸದ್ದು ಕೇಳಿ ಅಕ್ಷರ ಬರೆದುಕೊಳ್ಳುವುದನ್ನು ಕಲಿಸುತ್ತಿದ್ದರು. ನಿಜವಾದ ವಾಕ್ಯ ಕಳಿಸಿದರೆ ಹುಡುಗರು ಮೊದಲೆರಡು ಅಕ್ಷರ ಕೇಳಿ ಉಳಿದದ್ದನ್ನು ಊಹಿಸಿಬಿಡುತ್ತಾರೆ. ಅದಕ್ಕೇ ಅರ್ಥವಿಲ್ಲದ ಸಾಲುಗಳು ಬೇಕು. ಒಂದೊಂದು ಸಾಲಿನಲ್ಲೂ ಎ ಯಿಂದ ಝಡ್‌ವರೆಗಿನ ಎಲ್ಲ ಅಕ್ಷರಗಳೂ ಒಂದೊಂದು ಸಲ ಬರಬೇಕು, ಆದರೆ ಯಾವುದು ಎಲ್ಲಿ ಎಂದು ಬ್ರಹ್ಮನಿಗೂ ತಿಳಿಯಬಾರದು. ಪ್ರತಿ ವಾರ ಹೊಸದಾಗಿ ಒಂದು ಕಟ್ಟು ಹಾಳೆ. ಕೈಯಲ್ಲಿ ಬರೆದರೆ ಮನುಷ್ಯನ ಅಭ್ಯಾಸ ಇಣುಕುತ್ತದೆ, ಯಂತ್ರವೇ ಕಲೆಸಿಕೊಡಲಿ ಎಂದರು.

ಮುಖ್ಯಸ್ಥರು ಅದನ್ನು ನನಗೆ ಕೊಟ್ಟರು. ನಾನು ಎರಡೇ ದಿನದಲ್ಲಿ ಬರೆದೆ. ನನ್ನ ಕ್ರಮ ಸರಳ. ಮದುವೆ ಮನೆಯ ಪಂಕ್ತಿಯಲ್ಲಿ ಇಪ್ಪತ್ತಾರು ಎಲೆ ಹಾಕಿದೆ ಎಂದುಕೊಳ್ಳಿ. ಎ ಬರುತ್ತದೆ, ಯಂತ್ರ ಕಣ್ಣುಮುಚ್ಚಿ ಒಂದು ಎಲೆಯ ಸಂಖ್ಯೆ ಹೇಳುತ್ತದೆ, ಎ ಹೋಗಿ ಅಲ್ಲಿ ಕೂರುತ್ತದೆ. ಬಿ ಬರುತ್ತದೆ, ಇನ್ನೊಂದು ಸಂಖ್ಯೆ. ಆ ಎಲೆಯ ಮುಂದೆ ಯಾರಾದರೂ ಕೂತಿದ್ದರೆ ಮತ್ತೆ ಕೇಳು. ಮಾದರಿಗೆ ಒಂದು ಹಾಳೆ ಬಂತು, ಅಕ್ಷರಗಳು ಚೆನ್ನಾಗಿ ಕಲೆತಿದ್ದವು, ನಾನು ಬೀಗಿದೆ.

ತೊಂದರೆ ಏನೆಂದರೆ, ಮೊದಲು ಬಂದವರಿಗೆ ಎಲೆ ಸಲೀಸಾಗಿ ಸಿಗುತ್ತದೆ. ಕೊನೆಗೆ ಬರುವ ಝಡ್‌ಗೆ ಇರುವುದು ಒಂದೇ ಖಾಲಿ ಎಲೆ. ಯಂತ್ರ ಕಣ್ಣುಮುಚ್ಚಿ ಹೇಳುವ ಸಂಖ್ಯೆ ಅದೇ ಆಗುವವರೆಗೆ ಕೇಳುತ್ತಲೇ ಇರಬೇಕು, ಇಲ್ಲ, ಇಲ್ಲ, ಇಲ್ಲ ಎನಿಸಿಕೊಳ್ಳುತ್ತಲೇ ಇರಬೇಕು. ಒಂದು ಸಾಲಿಗೆ ಅದು ಕಣ್ಣು ಮಿಟುಕಿಸುವಷ್ಟೇ ಹೊತ್ತು, ಆದರೆ ಕಟ್ಟು ಕಟ್ಟು ಹಾಳೆಗೆ ಆ ಹೊತ್ತೆಲ್ಲ ಸೇರಿ ಬೆಳೆಯಿತು. ಬೆಳಿಗ್ಗೆ ಕಿಟಕಿಯಲ್ಲಿ ಕೊಟ್ಟ ಕಾರ್ಡಿನ ಹಾಳೆ ಊಟದ ಹೊತ್ತಾದರೂ ಬರಲಿಲ್ಲ. ಹಿಂದೆ ಕಾದಿದ್ದ ಬೇರೆ ವಿಭಾಗದವರು ಮುಖ್ಯಸ್ಥರ ಹತ್ತಿರ ಗೊಣಗಿದರು.

ಆ ಮಧ್ಯಾಹ್ನ ಅವಳು ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಹಾಳಾದ ಕಾರ್ಡುಗಳ ಹಿಂದೆ ಒಂದೊಂದು ಅಕ್ಷರ ಬರೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಅವರೆಕಾಳು ಸಾರಿನ ಕೈ ಒರೆಸಿಕೊಂಡು, "ಅಕ್ಕಾ, ಹಿಂಗೆ ಮಾಡಿದ್ರೆ ಹೆಂಗೆ?" ಎಂದಳು. ಸಾಲಿನ ಕೊನೆಯ ಜಾಗದಿಂದ ಶುರು. ಸಾಲಿನಲ್ಲಿ ಎಲ್ಲಿಂದಲಾದರೂ ಕಣ್ಣುಮುಚ್ಚಿ ಒಂದು ಕಾರ್ಡು ಆರಿಸು, ಕೊನೆಯದೇ ಆದರೂ ಸರಿ. ಅದನ್ನೂ ಕೊನೆಯ ಕಾರ್ಡನ್ನೂ ಅದಲುಬದಲು ಮಾಡು. ಕೊನೆಯ ಜಾಗ ಮುಗಿಯಿತು, ಇನ್ನು ಅದನ್ನು ಮುಟ್ಟಬೇಡ. ಈಗ ಅದರ ಹಿಂದಿನ ಜಾಗ, ಉಳಿದವುಗಳಲ್ಲಿ ಒಂದನ್ನು ಆರಿಸು, ಅದಲುಬದಲು. ಹೀಗೇ ಹಿಂದೆ ಹಿಂದೆ ಬಾ. ಯಾರೂ ಯಾರಿಗೂ ಇಲ್ಲ ಎನ್ನುವಂತಿಲ್ಲ. ಪ್ರತಿ ಸಲ ಒಂದೇ ಪ್ರಶ್ನೆ, ಒಂದೇ ಉತ್ತರ. ಬೇರೆ ಎಲೆ, ಬೇರೆ ಪಂಕ್ತಿ ಏನೂ ಬೇಡ, ಇದ್ದ ಜಾಗದಲ್ಲೇ ಕಲೆತುಹೋಗುತ್ತದೆ.

ನನ್ನ ಮೈಯೆಲ್ಲ ಉರಿಯಿತು. ಅದು ಸರಿಯಿದೆ ಎಂದು ಅರ್ಧದಲ್ಲೇ ಗೊತ್ತಾಗಿತ್ತು. ಇದಕ್ಕಿಂತ ಕಡಿಮೆ ಕೆಲಸದಲ್ಲಿ ಕಲೆಸಲಾಗದು ಎಂದೂ ಗೊತ್ತಾಗಿತ್ತು. ದೊಡ್ಡ ಉಪಾಯವಾಗಿದ್ದರೆ ಮೆಚ್ಚಬಹುದಿತ್ತು, ಇದು ಇಷ್ಟು ಚಿಕ್ಕದು, ನನ್ನ ಮೂಗಿನ ಕೆಳಗೇ ಇದ್ದದ್ದು. ಅವಳು ಅದನ್ನು ಊಟ ಮಾಡುತ್ತಾ ಎತ್ತಿಕೊಂಡಳು. "ಪರವಾಗಿಲ್ಲ, ನೋಡೋಣ" ಎಂದೆ. ಅವಳ ಪ್ರೋಗ್ರಾಮಿನ ಹಾಳೆಗಳು ಮಾರನೆಯ ದಿನ ನಾವು ಕಾಫಿಗೆ ಹೋಗಿ ಬರುವಷ್ಟರಲ್ಲಿ ಕಿಟಕಿಗೆ ಬಂದಿದ್ದವು.

ಮುಖ್ಯಸ್ಥರು ಅವಳ ಕಾರ್ಡಿನ ಕಟ್ಟನ್ನು ಕೈಯಲ್ಲಿ ತೂಗಿ, "ನಿಂದು ಎಷ್ಟು ದಪ್ಪ ಇತ್ತಮ್ಮ?" ಎಂದು ನನ್ನನ್ನು ಕೇಳಿದರು. ಅವಳದು ನನ್ನದರ ಅರ್ಧವೂ ಇರಲಿಲ್ಲ. ಅಂದಿನಿಂದ ಪ್ರೋಗ್ರಾಮು ಅವಳದು. ವಾರಕ್ಕೊಮ್ಮೆ ಕಾರ್ಡು ಜೋಡಿಸಿ ಕಿಟಕಿಗೆ ಕೊಟ್ಟು ಹಾಳೆ ತರುವ ಕೆಲಸ ನನ್ನದು. ನಾನು ಬರೆದ ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಬೀರುವಿನ ತಳದಲ್ಲಿ ಇಟ್ಟರು.

ಕಾರ್ಡು ಜೋಡಿಸುವುದರಲ್ಲಿ ಒಂದು ಚಿಕ್ಕ ಕೆಲಸವಿತ್ತು. ಯಂತ್ರಕ್ಕೆ ನಿಜವಾಗಿ ಕಣ್ಣುಮುಚ್ಚಲು ಬರುವುದಿಲ್ಲ. ನಾವು ಮೊದಲಿಗೆ ಒಂದು ಸಂಖ್ಯೆ ಕೊಡಬೇಕು. ಅದನ್ನು ಅದು ಯಾವುದೋ ದೊಡ್ಡ ಸಂಖ್ಯೆಯಿಂದ ಗುಣಿಸಿ, ಬಾಲದ ಅಂಕಿಗಳನ್ನಷ್ಟೇ ಇಟ್ಟುಕೊಂಡು, ಮತ್ತೆ ಗುಣಿಸಿ, ಹೀಗೆ ಒಂದರಿಂದ ಒಂದು ಹುಟ್ಟಿಸಿಕೊಂಡು ಹೋಗುತ್ತದೆ. ನೋಡುವವರಿಗೆ ಹೇಗೆಂದರೆ ಹಾಗೆ ಬಂದಂತೆ ಕಾಣುತ್ತದೆ. ಆ ಮೊದಲ ಸಂಖ್ಯೆ ಬೆಸ ಸಂಖ್ಯೆಯಾಗಿರಬೇಕು ಎಂದು ನಿಯಮ. ಅದನ್ನು ತೂತು ಹೊಡೆದ ಕಾರ್ಡು ಕಟ್ಟಿನ ಕೊನೆಯಲ್ಲಿ ಇರಬೇಕು. ನಾನು ನೂರೊಂದು ಹೊಡೆದೆ. ನಮ್ಮ ಮನೆಯಲ್ಲಿ ಮುಯ್ಯಿ ಕೊಡುವುದಿದ್ದರೂ, ದೇವರಿಗೆ ಮುಡಿಪು ಕಟ್ಟುವುದಿದ್ದರೂ ಹನ್ನೊಂದು, ಐವತ್ತೊಂದು, ನೂರೊಂದು. ಸೊನ್ನೆಯಲ್ಲಿ ನಿಂತರೆ ಅಲ್ಲಿಗೆ ಮುಗಿದ ಹಾಗೆ, ಮೇಲೊಂದು ಇದ್ದರೆ ಬೆಳೆಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಬೆಸವೂ ಆಯಿತು, ಶುಭವೂ ಆಯಿತು ಎಂದುಕೊಂಡೆ.

ತರಬೇತಿ ಕೇಂದ್ರದವರಿಂದ ಹೊಗಳಿಕೆ ಬರತೊಡಗಿತು. ಹುಡುಗರು ಹಿಂದೆಂದೂ ಇಷ್ಟು ಬೇಗ ಕಲಿತಿರಲಿಲ್ಲವಂತೆ, ಸದ್ದು ಮುಗಿಯುವ ಮೊದಲೇ ಬರೆದು ಪೆನ್ಸಿಲ್ ಕೆಳಗಿಡುತ್ತಾರಂತೆ. ಮುಖ್ಯಸ್ಥರು ಅವಳನ್ನು ಕರೆದು ಹೇಳಿದರು. ಅವಳು ನಾಚಿಕೊಂಡು ನನ್ನ ಕಡೆ ನೋಡಿ, "ಅಕ್ಕನೇ ಪ್ರತಿ ವಾರ ಓಡಿಸೋದು ಸಾರ್" ಎಂದಳು. ನನ್ನ ಹೆಸರನ್ನು ಹಾಗೆ ಮೊಸರನ್ನಕ್ಕೆ ಉಪ್ಪಿನಕಾಯಿಯಂತೆ ಪಕ್ಕಕ್ಕೆ ಇಟ್ಟದ್ದನ್ನು ನನಗೆ ಸಹಿಸಲಾಗಲಿಲ್ಲ. ಆ ಮಂಗಳವಾರ ಅರ್ಧ ದಿನ ರಜೆ ಹಾಕಿ, ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿದೆ. ಅವಳಿಗೆ ಹುದ್ದೆ ಬರದಿರಲಿ ಎಂದು ಬೇಡಲಿಲ್ಲ. ನನಗೆ ಬರಲಿ ಎಂದೆ. ಒಂದೇ ಹುದ್ದೆ ಇದ್ದಾಗ ಎರಡೂ ಒಂದೇ ಎಂದು ದೇವಿಗೂ ಗೊತ್ತಿತ್ತು.

ಬೇಡಿಕೊಂಡು ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಅವಳ ಕಲೆಸುವಿಕೆಯಲ್ಲಿ ಎಲ್ಲೋ ಪಕ್ಷಪಾತ ಇದ್ದೇ ಇರುತ್ತದೆ, ಅದನ್ನು ಹುಡುಕಬೇಕು ಎಂದುಕೊಂಡೆ. ಸಾಲಿನ ಮೊದಲ ಜಾಗದಲ್ಲಿ ಎ ಎಷ್ಟು ಸಲ ಬಂತು, ಬಿ ಎಷ್ಟು ಸಲ ಬಂತು ಎಂದು ಎಣಿಸಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಇರಬೇಕು. ಯಾವುದೋ ಒಂದು ಅಕ್ಷರ ಮುಂದೆ ನುಗ್ಗುತ್ತಿದ್ದರೆ ಅವಳ ಕ್ರಮ ತಪ್ಪು. ಹಾಳೆಗಳ ಕಾರ್ಬನ್ ಪ್ರತಿ ಮನೆಗೆ ತಂದು, ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಹರಡಿ ಎಣಿಸತೊಡಗಿದೆ. ಒಂದು ವಾರದ್ದು ಎಣಿಸಿದೆ, ಪಕ್ಷಪಾತವಿಲ್ಲ. ಇನ್ನೊಂದು ವಾರದ್ದು ಎಣಿಸಿದೆ. ಎಲ್ಲ ಲೆಕ್ಕವೂ ಹಿಂದಿನ ವಾರದ್ದೇ, ಒಂದೂ ಆಚೀಚೆ ಇಲ್ಲ.

ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟೆ. ಮೊದಲ ಸಾಲು ಒಂದೇ. ಎರಡನೆಯದೂ ಒಂದೇ. ಮೂರನೆಯ ವಾರದ ಕಟ್ಟು ತೆಗೆದೆ, ಅದೂ ಅದೇ. ಎಲ್ಲ ವಾರವೂ ಅವೇ ಸಾಲುಗಳು, ಅದೇ ಕ್ರಮದಲ್ಲಿ. ಆ ಹುಡುಗರು ಸದ್ದು ಕೇಳಿ ಬರೆಯುತ್ತಿರಲಿಲ್ಲ, ಮಂತ್ರ ಒಪ್ಪಿಸಿದ ಹಾಗೆ ಬಾಯಿಪಾಠ ಬರೆಯುತ್ತಿದ್ದರು. ನನಗಾದ ಸಂತೋಷ ಹೇಳತೀರದು. ಅಮ್ಮ ಒಳಗಿನಿಂದ ಬಂದು, "ಯಾಕೆ ಒಬ್ಬಳೇ ನಗ್ತಾ ಇದೀಯ?" ಎಂದು ಕೇಳಿದಳು. ಅಂದು ಎರಡು ತುತ್ತು ಹೆಚ್ಚಾಗಿಯೇ ಉಂಡೆ.

ಸೋಮವಾರ ಹೊತ್ತಿಗೆ ಮುಂಚೆ ಹೋಗಿ ಮುಖ್ಯಸ್ಥರ ಮೇಜಿನ ಮೇಲೆ ಹಾಳೆಗಳನ್ನು ಹರಡಿದೆ. "ಅವಳ ಪ್ರೋಗ್ರಾಂ ಕಲೆಸ್ತಾನೇ ಇಲ್ಲ ಸಾರ್. ಪ್ರತಿ ವಾರ ಇದೇ ಹಾಳೆ" ಎಂದೆ. ಅವರು ಕನ್ನಡಕ ಏರಿಸಿ ನೋಡಿ, ಮುಖ ಕಪ್ಪಗೆ ಮಾಡಿಕೊಂಡು ಅವಳನ್ನು ಕರೆಸಿದರು. ಅವಳು ಬಂದಳು, ನೋಡಿದಳು. ಅಳುತ್ತಾಳೆ ಎಂದು ಕಾದೆ. ಅವಳ ಮುಖ ಅರಳಿತು. ಒಳ್ಳೆಯ ಒಗಟು ಕೇಳಿದವರ ಮುಖ ಹಾಗಾಗುತ್ತದೆ.

"ಅಕ್ಕಾ, ಮೊದಲ ನಂಬರಿನ ಕಾರ್ಡು ಎಲ್ಲೈತೆ?" ಎಂದಳು.

ನಾನು ಕಟ್ಟನ್ನು ತಂದೆ. ದಾರಿಯಲ್ಲೇ, ಎರಡು ಮೇಜಿನ ನಡುವೆ, ಎಲ್ಲ ಹೊಳೆಯಿತು. ಒಂದರಿಂದ ಒಂದು ಹುಟ್ಟುವ ಸಂಖ್ಯೆಗಳಿಗೆ ತಾಯಿ ಒಂದೇ ಆದರೆ ಮಕ್ಕಳೂ ಅವೇ. ಪ್ರತಿ ವಾರ ಅದೇ ನೂರೊಂದು ಕೊಟ್ಟರೆ ಪ್ರತಿ ವಾರ ಅದೇ ಹಾಳೆ. ಅವಳ ತಪ್ಪು ಹಿಡಿಯಲು ಹೋಗಿ ನನ್ನ ಶುಭಸಂಖ್ಯೆಯನ್ನೇ ಹಿಡಿದು ತಂದಿದ್ದೆ. ಮುಚ್ಚಿಡಲು ದಾರಿಯಿರಲಿಲ್ಲ, ಕಾರ್ಡು ಕೈಯಲ್ಲೇ ಇತ್ತು. "ನಂಬರ್ ಹಾಕಿದ್ದು ನಾನು ಸಾರ್. ಯಾವಾಗ್ಲೂ ನೂರೊಂದೇ ಹಾಕಿದೀನಿ" ಎಂದೆ.

ಅವಳು ನಾನು ಹೇಳಿದ್ದನ್ನು ಕೇಳಿಸಿಕೊಂಡಳೋ ಇಲ್ಲವೋ. "ಅಕ್ಕನದೇನಿಲ್ಲ ಸಾರ್, ನಾನು ಬರೆದದ್ದೇ ಸರಿಯಿಲ್ಲ" ಎಂದಳು. "ಈ ವಾರ ಎಲ್ಲಿಗೆ ನಿಲ್ತೋ ಆ ನಂಬರನ್ನ ಯಂತ್ರನೇ ಒಂದು ಕಾರ್ಡಲ್ಲಿ ಹೊಡೆದು ಕೊಡಬೇಕಿತ್ತು. ಮುಂದಿನ ವಾರ ಅದೇ ಮೊದಲ ನಂಬರಿನ ಕಾರ್ಡು. ಆಗ ಯಾರು ಓಡಿಸಿದ್ರೂ ಕೆಡಲ್ಲ. ನಂಗೆ ಹೊಳೀಲಿಲ್ಲ." ಹೇಳುತ್ತಲೇ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಬರೆಯತೊಡಗಿದ್ದಳು.

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಇಷ್ಟು ವಾರ ಯಾರೂ ನೋಡ್ಲಿಲ್ಲ. ನೀನು ಭಾನುವಾರ ಕೂತು ಎಣಿಸಿದೀಯ. ಬರೆಯೋರು ಸಿಗ್ತಾರಮ್ಮ, ಪರೀಕ್ಷೆ ಮಾಡೋರು ಸಿಗಲ್ಲ" ಎಂದರು. ನಾನು ಯಾಕೆ ಎಣಿಸಿದೆ ಎಂದು ಅವರು ಕೇಳಲಿಲ್ಲ.

ಸಂಜೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದಳು. ಲಾಲ್‌ಬಾಗ್ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ನಿಂಗೆ ಆ ಹುದ್ದೆ ಬೇಡ್ವಾ?" ಎಂದೆ.

"ಬೇಕು ಅಕ್ಕಾ. ಯಾಕೆ?"

"ಮತ್ತೆ ತಪ್ಪು ನಿಂದು ಅಂತ ಯಾಕೆ ಹೇಳ್ದೆ?"

"ನಂದೇ ಅಲ್ವಾ" ಎಂದಳು. ನನ್ನ ಕಡೆ ವಾಲಿ, "ಅಕ್ಕಾ, ನೀವು ಮೊದಲ ಜಾಗ ಒಂದೇ ಎಣಿಸಿದ್ರೋ, ಎಲ್ಲಾ ಜಾಗಾನೂ ಎಣಿಸಿದ್ರೋ?" ಎಂದು ಕೇಳಿದಳು.

ನಮ್ಮ ಬೀದಿ ಬಂದಾಗ ಇಳಿದು, ಅವಳಿಗೆ ಕಾಯದೆ ಮನೆಯ ಕಡೆ ನಡೆದೆ. ಅವಳು ದಾನ ಮಾಡಿದ್ದರೆ, ದೊಡ್ಡತನ ತೋರಿಸಿದ್ದರೆ, ದ್ವೇಷ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಅವಳು ಅಂಥದ್ದೇನೂ ಮಾಡಲಿಲ್ಲ. ತಪ್ಪು ಯಾರದು ಎಂಬುದು ಅವಳಿಗೆ ಪ್ರಶ್ನೆಯೇ ಆಗಿರಲಿಲ್ಲ. ಇಡೀ ವರ್ಷ ನಾನು ಮೈಯೆಲ್ಲ ಬೆವೆತು ಓಡಿದ್ದೆ, ಅವಳಿಗೆ ಅದು ಪಂದ್ಯ ಎಂದು ಅನಿಸಿಯೇ ಇರಲಿಲ್ಲ.

ಮಾರ್ಚ್‌ನಲ್ಲಿ ಹುದ್ದೆ ನನಗೆ ಸಿಕ್ಕಿತು. ಅಮ್ಮ ಪಾಯಸ ಮಾಡಿ, ಅವಳಿಗೂ ಒಂದು ಡಬ್ಬಿಯಲ್ಲಿ ತುಂಬಿಟ್ಟಳು. ಕೊಡುವಾಗ ಅಮ್ಮನ ಕಣ್ಣಲ್ಲಿ ನೀರು. "ನಿಂಗೂ ಸಿಗಬೇಕಿತ್ತಮ್ಮ" ಎಂದಳು. ನನಗೆ ಹುದ್ದೆ ಸಿಕ್ಕಿದ್ದಕ್ಕೆ ಆ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿರಲಿಲ್ಲ. ಅವಳು ಮಡಿವಾಳದ ಕಡೆ ಒಂದು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಕೆಲಸ ಗೊತ್ತುಮಾಡಿಕೊಂಡಿದ್ದಳು. ದಾರಿ ಬೇರೆ, ಇನ್ನು ನಮ್ಮ ನಲ್ಲಿಯ ಕಡೆ ಬರುವುದಿಲ್ಲ.

ಕೊನೆಯ ದಿನ ಅವಳು ಮುಖ್ಯಸ್ಥರನ್ನು ಒಂದೇ ಒಂದು ಕೇಳಿಕೊಂಡಳಂತೆ, ಯಂತ್ರವನ್ನು ಹತ್ತಿರದಿಂದ ನೋಡಬೇಕು ಎಂದು. ತೋರಿಸುವ ಕೆಲಸವನ್ನು ಅವರು ನನಗೆ ಒಪ್ಪಿಸಿದರು. ಬಾಗಿಲು ತೆರೆದದ್ದು ನಾನೇ. ಚಪ್ಪಲಿ ಹೊರಗೆ ಬಿಟ್ಟು, ಸೆರಗನ್ನು ಭುಜದ ಮೇಲೆ ಹೊದ್ದುಕೊಂಡು ಒಳಗೆ ಬಂದಳು. ಆ ಹೊತ್ತಿಗೆ ಅವಳ ಪ್ರೋಗ್ರಾಮೇ ಓಡುತ್ತಿತ್ತು, ಅಕ್ಷರದ ಸಾಲುಗಳು ಒಂದರ ಮೇಲೊಂದು ಅಚ್ಚಾಗಿ ಬೀಳುತ್ತಿದ್ದವು. ನಾನು ನನ್ನ ಕುರ್ಚಿಯಲ್ಲಿ ಕೂತು ಅವಳ ಮುಖವನ್ನೇ ನೋಡಿದೆ. ಈಗಲಾದರೂ ಅವಳಿಗೆ ನನ್ನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಬರುತ್ತದೆ, ಬಂದರೆ ಇಬ್ಬರೂ ಸಮ ಆಗುತ್ತೇವೆ ಎಂದು ಕಾದೆ.

ಅವಳು ನನ್ನ ಕಡೆ ತಿರುಗಲೇ ಇಲ್ಲ. ಮಿನುಗುವ ದೀಪಗಳನ್ನು, ಕಾರ್ಡು ನುಂಗುವ ಬಾಯನ್ನು, ಬೀಳುವ ಹಾಳೆಯನ್ನು ನೋಡುತ್ತಾ ನಿಂತಳು. ಹಾಳೆ ಮುಗಿದು ಸದ್ದು ನಿಂತ ಮೇಲೂ ನಿಂತೇ ಇದ್ದಳು. ಆಮೇಲೆ, "ದಿನಾ ನೋಡ್ತೀರಲ್ವಾ ಅಕ್ಕಾ" ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಆ ಕುರ್ಚಿಯಲ್ಲಿ ನಾನು ಬಹಳ ವರ್ಷ ಕೂತೆ. ಕೆಲಸ ಚೆನ್ನಾಗಿಯೇ ಮಾಡಿದೆ, ಯಾರೂ ಬೆರಳು ತೋರಿಸಲಿಲ್ಲ. ಆದರೆ ಅವಳು ಆ ದಿನ ನಿಂತು ನೋಡಿದ ಹಾಗೆ ಆ ಯಂತ್ರವನ್ನು ನೋಡಲು ನನಗೆ ಒಂದು ದಿನವೂ ಬರಲಿಲ್ಲ.